ಹಿಂದಿನ ಸೀಟು

ಆ ಕಾರಿನ ಬಾಗಿಲು ತೆಗೆದ ದಿನ ನಾನು ಮೂರು ತಿಂಗಳ ಬಸುರಿ. ಒಗ್ಗರಣೆಯ ವಾಸನೆಗೂ ಹೊಟ್ಟೆ ತೊಳಸುತ್ತಿದ್ದ ಕಾಲ. ಹುಣಸೂರಿನಲ್ಲಿ ಮಡಿಕೇರಿಗೆ ಹೋಗುವ ರಸ್ತೆಯ ಪಕ್ಕ ನಮ್ಮ ಮನೆ, ಮನೆಗೆ ಅಂಟಿಕೊಂಡಂತೆ ನಮ್ಮ ಯಜಮಾನರ ರಿಪೇರಿ ಷೆಡ್ಡು. ಲಾರಿ, ಬಸ್ಸು, ಒಮ್ಮೊಮ್ಮೆ ತೋಟದವರ ಜೀಪು ಬಂದು ನಿಲ್ಲುತ್ತಿದ್ದ ಆ ಷೆಡ್ಡಿಗೆ ಅವತ್ತು ಎರಡು ಜೊತೆ ಎತ್ತುಗಳು ಒಂದು ಹಳೆಯ ಇಂಗ್ಲಿಷ್ ಕಾರನ್ನು ಎಳೆದುಕೊಂಡು ಬಂದವು. ಬಣ್ಣ ಯಾವುದೆಂದು ಹೇಳುವಂತಿರಲಿಲ್ಲ. ಟೈರುಗಳ ಜಾಗದಲ್ಲಿ ಬರೀ ಚಕ್ರ.

"ಬಾ ಇಲ್ಲಿ, ಬಂದ್ ನೋಡಮ್ಮಿ, ಎಂಥಾ ಕಾರು ಅಂತ!" ಎಂದು ಯಜಮಾನರು ಕರೆದರು. ನಾನು ಹತ್ತಿರ ಹೋದೆ. ಅವರು ಬಾಗಿಲು ಎಳೆದರು. ಇಲಿಯ ಉಚ್ಚೆ, ಕೋಳಿಯ ಹಿಕ್ಕೆ, ಕೊಳೆತ ನಾರು, ಎಲ್ಲೋ ಒಳಗೆ ಸತ್ತು ಒಣಗಿದ ಯಾವುದೋ ಜೀವ, ಎಲ್ಲ ಸೇರಿದ ಒಂದು ಬಿಸಿ ಗಾಳಿ ನನ್ನ ಮುಖಕ್ಕೆ ಹೊಡೆಯಿತು. ಷೆಡ್ಡಿನ ಹಿಂದಕ್ಕೆ ಓಡಿ ಬೆಳಿಗ್ಗೆ ತಿಂದದ್ದನ್ನೆಲ್ಲ ಕಕ್ಕಿದೆ. ಬಾಯಿ ಒರೆಸಿಕೊಂಡು ಬರುವಷ್ಟರಲ್ಲಿ ಅವರು ಕಾರಿನ ಸಾಹುಕಾರನಿಗೆ ಹೇಳುತ್ತಿದ್ದರು: "ಇಂಜಿನ್ನು ನಂದು ಬುದ್ಧಿ. ಒಳಗಿಂದೆಲ್ಲ ನಮ್ಮೋಳು ನೋಡ್ಕತಾಳೆ."

ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಆದರೆ ಅವರು ಹೇಳಿದ್ದು ಸುಳ್ಳಲ್ಲ. ಕೆ.ಆರ್. ನಗರದಲ್ಲಿ ನನ್ನ ತಂದೆ ಜಟಕಾ ಗಾಡಿಗಳ ಗಾದಿ ಹೊಲಿಯುತ್ತಿದ್ದರು. ಗಂಡುಮಕ್ಕಳಿಲ್ಲದ ಮನೆಯಾದ್ದರಿಂದ ಬಾಗಿದ ಸೂಜಿ ಹಿಡಿಯುವುದನ್ನು, ಸ್ಪ್ರಿಂಗು ಕಟ್ಟುವುದನ್ನು, ಗುಂಡಿ ಎಳೆದು ಬಿಗಿಯುವುದನ್ನು ನನಗೇ ಕಲಿಸಿದ್ದರು. ಮದುವೆಯಾಗಿ ಬಂದ ಮೇಲೆ ಲಾರಿ ಸೀಟುಗಳನ್ನೂ ಹೊಲಿಯುತ್ತಿದ್ದೆ.

ಸಾಹುಕಾರ ಪಿರಿಯಾಪಟ್ಟಣದವನು, ಹೊಗೆಸೊಪ್ಪಿನ ವ್ಯಾಪಾರದಲ್ಲಿ ಮೇಲೆ ಬಂದವನು. ಎದುರಿಗೆ ಅವನನ್ನು ಬುದ್ಧಿ ಎಂದೇ ಕರೆಯುತ್ತಿದ್ದೆ. ಬರೆಯುವಾಗ ಬಹುವಚನ ಹಾಕಲು ಮನಸ್ಸು ಒಪ್ಪುವುದಿಲ್ಲ. ಆದರೂ ಮೊದಲ ದಿನ ಅವನ ಮಾತು ಕೇಳಿ ನನಗೆ ಅಯ್ಯೋ ಅನಿಸಿದ್ದು ನಿಜ. ಆ ಕಾರು ಹಿಂದೆ ಹೆಗ್ಗಡದೇವನಕೋಟೆ ಕಾಡಿನ ಮರದ ಕಂಟ್ರಾಕ್ಟರೊಬ್ಬನದ್ದಂತೆ. ಸಾಹುಕಾರನ ಅಪ್ಪ ಅವನ ಹತ್ತಿರ ಆಳಾಗಿದ್ದನಂತೆ.

"ನಮ್ಮಪ್ಪ ಈ ಕಾರಿನ್ ಇಂದೆ ಓಡ್ತಿದ್ದ ಕಣಯ್ಯ," ಎಂದು ಬಾನೆಟ್ಟಿನ ಮೇಲೆ ಕೈಯಿಟ್ಟು ನಮ್ಮ ಯಜಮಾನರಿಗೆ ಹೇಳಿದ. "ಕಾಡಿನ ಗೇಟು ತಗಿಯಾಕೆ ಮುಂದೆ ಓಡ್ಬೇಕು. ಕಾರು ದಾಟಿದ ಮ್ಯಾಲೆ ಗೇಟು ಆಕ್ಬುಟ್ಟು ಮತ್ತೆ ಇಂದೆ ಓಡ್ಬೇಕು. ಒಂದಿನಾನೂ ಹತ್ಕೋ ಅನ್ನಲಿಲ್ಲ ಆ ನನ್ಮಗ. ನಾನು ಚಿಕ್ಕೋನಿದ್ದಾಗ ಗಾಜಿಗೆ ಮೂಗು ಒತ್ತಿ ಒಳೀಕೆ ನೋಡೀವ್ನಿ. ಜೇನುತುಪ್ಪದ ಬಣ್ಣದ ಚರ್ಮ, ತುಂಬ ಗುಂಡಿ. ಅದೇ ಬೇಕು ನಂಗೆ. ಅಂಗೇ ಇರ್ಬೇಕು."

ಕಂಟ್ರಾಕ್ಟರು ಸತ್ತು, ಅವನ ಮನೆಯವರು ಊರು ಬಿಟ್ಟು, ಕಾರು ಹತ್ತು ವರ್ಷ ಒಂದು ಕೊಟ್ಟಿಗೆಯಲ್ಲಿ ಬಿದ್ದಿತ್ತು. ಕೊಟ್ಟಿಗೆಯವರು ಅದರಲ್ಲಿ ಕೋಳಿ ಕೂಡುತ್ತಿದ್ದರು.

ಮುಂದಿನ ಸೀಟನ್ನು ನಾನು ಹಿತ್ತಲಲ್ಲಿ ಹಾಕಿಕೊಂಡು ಬಿಚ್ಚಿದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದೆ. ಚರ್ಮ ಕೈಯಲ್ಲಿ ಹಪ್ಪಳದ ಹಾಗೆ ಮುರಿಯಿತು. ಒಳಗೆ ತುಂಬಿದ್ದ ಕುದುರೆ ಕೂದಲು ಒದ್ದೆಯಾಗಿ, ಗಂಟುಗಂಟಾಗಿ, ಅದರ ನಡುವೆ ಏಳೆಂಟು ಇಲಿಮರಿಗಳು, ಕಣ್ಣು ಬಿಡದವು, ರೋಮವಿಲ್ಲದವು, ಒಂದರ ಮೇಲೊಂದು ಹೊರಳುತ್ತಿದ್ದವು. ನನ್ನ ಬೆರಳು ಅವುಗಳಿಗೆ ತಗುಲಿತು. ಆ ಮೆತ್ತಗಿನ ಬಿಸಿ ಎಷ್ಟು ಸಲ ಕೈ ತೊಳೆದರೂ ಹೋಗಲಿಲ್ಲ. ಅವತ್ತು ನಾನು ಊಟಕ್ಕೆ ಕೈ ಹಾಕಲಿಲ್ಲ, ಯಜಮಾನರ ತಟ್ಟೆಗೂ ಸೌಟಿನಲ್ಲಿ ದೂರದಿಂದಲೇ ಬಡಿಸಿದೆ.

ಹಿಂದಿನ ಸೀಟು ಇರಲೇ ಇಲ್ಲ. ಅದರ ಜಾಗದಲ್ಲಿ ಯಾರೋ ಒಂದು ಹಲಸಿನ ಹಲಗೆ ಬಡಿದು ಗೋಣಿ ಹೊದಿಸಿದ್ದರು. ಗೋಣಿಯ ಮೇಲೆ ಬೆರಳು ದಪ್ಪ ಹಿಕ್ಕೆ.

ಆಮೇಲೆ ಸಾಮಾನು ಹುಡುಕುವ ಕೆಲಸ ಶುರುವಾಯಿತು. ನನ್ನ ತಂದೆ ಹಳೆಯ ಜಟಕಾಗಳಿಂದ ಕಿತ್ತಿಟ್ಟಿದ್ದ ಕುದುರೆ ಕೂದಲನ್ನು ಎರಡು ಮೂಟೆ ಮಾಡಿ ಬಸ್ಸಿನ ಮೇಲೆ ಕಳಿಸಿಕೊಟ್ಟರು. ಎಷ್ಟು ವರ್ಷಗಳ ಬೆವರು ಕುಡಿದಿದ್ದ ಕೂದಲೋ! ಯಜಮಾನರು ಅದನ್ನು ನಾವು ಸ್ನಾನಕ್ಕೆ ನೀರು ಕಾಯಿಸುವ ಹಂಡೆಗೇ ಹಾಕಿ ಕುದಿಸಿದರು. "ಬೇರೆ ಪಾತ್ರೆ ಎಲ್ಲದೆ?" ಎಂದರು. ನೀರಿನ ಮೇಲೆ ಬೂದುಬಣ್ಣದ ಜಿಡ್ಡು ಕಟ್ಟಿತು. ಮೂರು ದಿನ ಹುಣಿಸೆಹಣ್ಣು ಹಾಕಿ ತಿಕ್ಕಿದರೂ ನಾನು ಆ ಹಂಡೆಯ ನೀರು ಮುಟ್ಟಲಿಲ್ಲ, ಪಕ್ಕದ ಮನೆಯಲ್ಲಿ ಸ್ನಾನ ಮಾಡಿಬಂದೆ. ಚರ್ಮಕ್ಕೆ ಊರಾಚೆ ಹದ ಮಾಡುವವರ ಹತ್ತಿರ ಹೋದೆವು. ಸುಣ್ಣದ ಗುಂಡಿಗಳ ಪಕ್ಕ ನಿಂತು ಆರಿಸುವಾಗ ನಾನು ಸೆರಗನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದೆ. ಕಿಟಕಿ ಗಾಜು ಇಳಿಸುವ ಹಿಡಿಗಳು ಎರಡು ಕಾರಿನಲ್ಲೇ ಇದ್ದವು, ಉಳಿದೆರಡು ಮೈಸೂರಿನ ಗುಜರಿಯಲ್ಲಿ ಸಿಕ್ಕವು.

ಇಷ್ಟಾದರೂ ಸಾಹುಕಾರನಿಗೆ ಸಮಾಧಾನವಿಲ್ಲ. ವಾರಕ್ಕೊಮ್ಮೆ ಬರುವನು. ಚರ್ಮ ಎತ್ತಿ ಮೂಸಿ ನೋಡಿ, "ಇದಲ್ಲ ಕಣಯ್ಯ ಆ ವಾಸ್ನೆ," ಎಂದು ನೆಲಕ್ಕೆ ಎಸೆಯುವನು. ಎಲೆಅಡಿಕೆ ಜಗಿದು ನನ್ನ ತುಳಸಿಕಟ್ಟೆಯ ಪಕ್ಕಕ್ಕೇ ಉಗಿಯುವನು. "ಮುಂದಿನ್ ಸೀಟು ಹೊಸಾದಾದ್ರೂ ಆಗ್ಲಿ. ಇಂದಿನ್ ಸೀಟು ಅಸಲು ಬೇಕು. ಎಲ್ಲೋ ಇರ್ತದೆ, ಉಡುಕ್ರಯ್ಯ."

ಹುಡುಕಿದೆವು. ಹೆಗ್ಗಡದೇವನಕೋಟೆಯ ಹತ್ತಿರ ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ಒಬ್ಬ ಕ್ಷೌರಿಕನ ಅಂಗಡಿಯಲ್ಲಿ ಆ ಕಾರಿನ ಕನ್ನಡಿ ಇದೆ ಎಂದು ಯಾರೋ ಲಾರಿಯವರು ಹೇಳಿದರು. ಹೋಗಿ ನೋಡಿದರೆ ನಿಜ. ಅಂಗೈ ಅಗಲದ ಕನ್ನಡಿ, ಅದರ ಮೇಲೆಲ್ಲ ಸೋಪಿನ ನೊರೆ ಒಣಗಿ ಕೂದಲು ಅಂಟಿತ್ತು. ಅವನು ಅದನ್ನು ಹಲ್ಲುಕಿರಿದು ಬಿಚ್ಚಿಕೊಟ್ಟು, "ಇಂದಿನ್ ಸೀಟಾ? ಸರಗೂರಲ್ಲಿ ಒಬ್ಬಳು ಮುದುಕಿ ಮನೇಲಿ ಅದೆ ಕಣ್ರಪ್ಪ. ನಾನೇ ಕಣ್ಣಾರೆ ನೋಡೀವ್ನಿ," ಎಂದ.

ಅಲ್ಲಿಂದ ಸರಗೂರಿನ ಬಸ್ಸು ಹತ್ತಿದೆವು. ಹೆಂಗಸಿನ ಮನೆ, ಹೆಂಗಸೇ ಹೋಗಿ ಕೇಳಿದರೆ ಚೆನ್ನ ಎಂದು ಯಜಮಾನರು ಬಸ್ಸು ನಿಲ್ಲುವ ಕಡೆ ಟೀ ಅಂಗಡಿಯಲ್ಲಿ ಕೂತರು. ನಾನು ದಾರಿ ಕೇಳಿಕೊಂಡು ಹೋದೆ. ಊರಿನ ಅಂಚಿನ ಒಂದೇ ಅಂಕಣದ ಮನೆ. ಸಗಣಿ ಸಾರಿಸಿದ ನೆಲ. ಬಾಗಿಲಲ್ಲಿ ಕೂತಿದ್ದ ಮುದುಕಿ ನನ್ನನ್ನು ನೋಡಿದ್ದೇ, ನಾನು ಬಾಯಿ ಬಿಡುವ ಮೊದಲೇ, "ಮೂರಾ, ನಾಕಾ?" ಎಂದಳು.

"ನಾಕು ಅಜ್ಜಿ," ಎಂದೆ.

"ಮೊಕ ಬಾಡೋಗದೆ. ಬಾ ಮಗಾ, ಕೂತ್ಕೋ." ಒಂದು ನಿಂಬೆಹಣ್ಣು ತಂದು ಉಗುರಿನಿಂದ ಗೀರಿ ನನ್ನ ಕೈಗಿಟ್ಟಳು. "ಮೂಸ್ತಾ ಇರು. ಮೇಲಕ್ಕೆ ಬರಕಿಲ್ಲ."

ಅವಳು ಸೂಲಗಿತ್ತಿ ಎಂದು ಆಗ ಗೊತ್ತಾಯಿತು. ಒಳಗೆ ಗೋಡೆಗೆ ಒತ್ತಿದಂತೆ ಆ ಸೀಟು ಇತ್ತು. ಇಟ್ಟಿಗೆಗಳ ಮೇಲೆ ಕೂರಿಸಿ, ಒಗೆದ ಹಳೆಯ ಸೀರೆ ಹೊದಿಸಿದ್ದಳು. ಸೀರೆ ಸರಿಸಿ ನೋಡಿದೆ. ಜೇನುತುಪ್ಪದ ಬಣ್ಣ ಕಪ್ಪಿಗೆ ತಿರುಗಿತ್ತು, ಆದರೆ ಚರ್ಮ ಎಲ್ಲೂ ಬಿರಿದಿರಲಿಲ್ಲ. ಹರಳೆಣ್ಣೆ ಸವರಿ ಸವರಿ ಮಿದುವಾಗಿತ್ತು. ಗುಂಡಿಗಳು ಎಲ್ಲವೂ ಇದ್ದವು.

ಹೇಗೆ ಬಂತೆಂದು ಕೇಳಿದೆ. ಕಂಟ್ರಾಕ್ಟರ ಹೆಂಡತಿಗೆ ಕಾಡಿನ ಬಂಗಲೆಯಿಂದ ಬರುವ ದಾರಿಯಲ್ಲೇ ನೋವು ಶುರುವಾಗಿತ್ತಂತೆ. ಕಾರು ನಿಲ್ಲಿಸಿ ಇವಳನ್ನು ಕರೆಸಿದ್ದರಂತೆ.

"ಈ ಸೀಟಿನ್ ಮ್ಯಾಲೇ ಹೆತ್ಲು ಕಣವ್ವ. ಗಂಡ್ಮಗ. ತಾಯಿ ಮಗ ಇಬ್ರೂ ಸಂದಾಗಿದ್ರು. ಆ ವಯ್ಯ ಬಂದು ಮಗಿನ್ ಮೊಕ ನೋಡಕ್ಕೂ ಮುಂಚೆ ಸೀಟು ನೋಡ್ದ. ಮೂಗು ಮುಚ್ಕಂಡು, ಕಿತ್ತು ಎಸೀರಿ ಅಂದ. ನಾನು, ಎಸೀಬ್ಯಾಡ್ರಪ್ಪ, ನಂಗೆ ಕೊಡಿ ಅಂದೆ."

ಅಂದಿನಿಂದ ಕೂಲಿಯವರು, ಕಾಡಿನ ಹಾಡಿಗಳಲ್ಲಿ ಇರುವವರು, ಗಂಡ ಬಿಟ್ಟವರು, ಹೆರಿಗೆಗೆ ತವರಿಲ್ಲದವರು ಎಷ್ಟೋ ಜನ ಅವಳ ಮನೆಗೆ ಬಂದು ಆ ಸೀಟಿಗೆ ಬೆನ್ನು ಕೊಟ್ಟು ಹೆತ್ತಿದ್ದರು. ಹೆತ್ತ ಮೇಲೆ ಅದರ ಮೇಲೇ ಮಲಗಿ ಚೇತರಿಸಿಕೊಂಡಿದ್ದರು. ನಾನು ಬಂದ ಕಾರಣ ಹೇಳಿದಾಗ ಅವಳು ಸಿಟ್ಟಾಗಲಿಲ್ಲ. "ಕೊಡಾಕಿಲ್ಲ ಮಗಾ. ತೆಪ್ಪು ತಿಳ್ಕಬ್ಯಾಡ. ನೆಲ ತಣ್ಣಗಿರ್ತದೆ, ಇದಿದ್ರೆ ಬೆನ್ನಿಗೆ ಆಸರೆ," ಎಂದಳು. ಬೆಲ್ಲದ ಕಾಫಿ ಕೊಟ್ಟಳು. ಎಷ್ಟೋ ದಿನದ ಮೇಲೆ ಕುಡಿದದ್ದು ಹೊಟ್ಟೆಯಲ್ಲಿ ನಿಂತಿತು.

ವಾಪಸು ಬರುವಾಗ ಬಸ್ಸಿನಲ್ಲಿ ಯಜಮಾನರಿಗೆ, "ಅಜ್ಜಿ ಕೊಡಲ್ವಂತೆ," ಎಂದೆ. ಹೆರಿಗೆಯ ಮಾತನ್ನು ಗಂಡಸರ ಮುಂದೆ ಬಿಡಿಸಿ ಹೇಳುವ ರೂಢಿ ನಮ್ಮಲ್ಲಿರಲಿಲ್ಲ, ಅದಕ್ಕೇ ಹೇಳಲಿಲ್ಲ. ಬೇರೆಯದನ್ನು ಮಾತ್ರ ಹೇಳಿದೆ. ಅಜ್ಜಿ ಒಬ್ಬಳೇ ಇರುವುದು, ಯಾರು ಯಾವ ಹೊತ್ತಿಗೆ ಕರೆದರೂ ಎದ್ದು ಹೋಗುವುದು, ಆ ಮನೆಗೆ ಬೀಗವೇ ಇಲ್ಲದ್ದು. ಎಂಥ ಹೆಂಗಸು ನೋಡಿ ಎಂಬ ಬೆರಗಿನಲ್ಲಿ ಆಡಿದ ಮಾತು. ಅವರು ಕಿಟಕಿಯ ಆಚೆ ನೋಡುತ್ತ ಹ್ಞೂಂಗುಟ್ಟಿದರು.

ಹತ್ತು ದಿನವಾಗಿರಬಹುದು. ನೀರು ಸೇದಲು ಹಿತ್ತಲಿಗೆ ಹೋದರೆ ಬಾವಿಯ ಪಕ್ಕ ಆ ಸೀಟು ನಿಂತಿದೆ. ಕೊಡ ಕೆಳಗಿಟ್ಟು ಷೆಡ್ಡಿಗೆ ಹೋದೆ.

"ಅದೆಂಗೆ ಬಂತು?" ಎಂದೆ.

"ಸಾವ್ಕಾರ್ರು ಗಾಡಿ ಕಳ್ಸಿ ತರಿಸಿದ್ರು," ಎಂದರು ಯಜಮಾನರು. ಕೈಯಲ್ಲಿದ್ದ ಸ್ಪಾನರು ಕೆಳಗಿಡಲಿಲ್ಲ.

"ಅಜ್ಜಿ ಕೊಟ್ಲಾ?"

"ಅವ್ಳು ಮನೇಲಿರ್ಲಿಲ್ಲ. ಸುಮ್ನೆ ತಂದಿಲ್ಲ ಕಣ, ಬದ್ಲಿಗೆ ಒಂದು ಹಗ್ಗದ ಮಂಚ ಇಟ್ಟು ಬಂದವ್ರೆ. ಹೊಸಾ ಮಂಚ."

"ಬೀಗ ಇಲ್ಲ ಅಂತ ನೀವೇ ಏಳಿದ್ರಾ?"

ಅವರು ಕಾರಿನ ಕೆಳಗೆ ತೂರಿಕೊಂಡರು. ಅವರ ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು. ಆ ಕಾಲುಗಳನ್ನು ನೋಡುತ್ತ ನಿಂತಾಗ ನನ್ನೊಳಗೆ ಎದ್ದ ಹೇಸಿಗೆ ಇಲಿಮರಿ ಮುಟ್ಟಿದಾಗ ಎದ್ದದ್ದಕ್ಕಿಂತ ಕೆಟ್ಟದಾಗಿತ್ತು. ಅದರಲ್ಲಿ ನನ್ನ ಪಾಲೂ ಇತ್ತು, ಬಸ್ಸಿನಲ್ಲಿ ಬಾಯಿ ಬಿಟ್ಟವಳು ನಾನೇ.

ಆ ಸೀಟನ್ನು ಮುಟ್ಟುವುದಿಲ್ಲ ಎಂದು ಎರಡು ದಿನ ಇದ್ದೆ. ಮೂರನೆಯ ದಿನ ಮುಟ್ಟಿದೆ. ಇದನ್ನು ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ. ಕೆಲಸ ಕಲಿತ ಕೈ, ಒಳಗೆ ಹೇಗೆ ಕಟ್ಟಿದ್ದಾರೆ ನೋಡಬೇಕೆಂಬ ಚಪಲ. ಪಕ್ಕದ ಹೊಲಿಗೆಯನ್ನು ಒಂದು ಮೊಳ ಬಿಚ್ಚಿದೆ. ಕೋಳಿ ಕೂಡಿದ್ದ ಕಾರಿನ ಸೀಟು ಬಿಚ್ಚಿದ್ದವಳು, ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಬಿಚ್ಚಿದೆ. ಒಳಗೆ ಒಣಗಿದ ಬೇವಿನಸೊಪ್ಪಿನ ಪದರ. ಅದರ ಕೆಳಗೆ ಕುದುರೆ ಕೂದಲು ನಯವಾಗಿ, ಒಣಗಿ, ಪುಟಿಯುತ್ತಿತ್ತು. ಹುಳ ಹಿಡಿಯದಿರಲೆಂದು ಮುದುಕಿ ವರ್ಷವರ್ಷ ತಳದ ಬಟ್ಟೆ ಬಿಚ್ಚಿ ಸೊಪ್ಪು ತುಂಬಿ ಮತ್ತೆ ಹೊಲಿದಿದ್ದಳು. ನಾನು ಮೂಗಿನ ಬಟ್ಟೆ ತೆಗೆದೆ. ಬಿಚ್ಚಿದ್ದಕ್ಕೆ ನಾಚಿಕೆಯಾಗಿ ಅಷ್ಟಕ್ಕೇ ಬಿಟ್ಟೆ.

ಮಾರನೆಯ ಬೆಳಿಗ್ಗೆ ಸಾಹುಕಾರ ಬಂದ. ಬಿಳಿಯ ಪಂಚೆ, ರೇಷ್ಮೆ ಶಲ್ಯ. ಹಿತ್ತಲಿಗೆ ಬಂದವನೇ ಸೀಟು ನೋಡಿ ನಿಂತುಬಿಟ್ಟ. ಆಮೇಲೆ ಮೆಲ್ಲಗೆ ಕೂತ. ಎರಡು ಕೈಯಿಂದಲೂ ಗುಂಡಿಗಳನ್ನು ತಡವಿದ. ಬಗ್ಗಿ ಚರ್ಮಕ್ಕೆ ಕೆನ್ನೆ ಒತ್ತಿದ. ಅವನ ಕಣ್ಣಲ್ಲಿ ನೀರು.

"ಇದೇ ಕಣಯ್ಯ, ಇದೇ. ನಮ್ಮಪ್ಪ ನೋಡ್ಬೇಕಾಗಿತ್ತು." ಹಾಗೆಯೇ ಒರಗಿಕೊಂಡು ನಕ್ಕ. "ಯಾವಳೋ ಮುದುಕಿ ಇದ್ರ ಮ್ಯಾಲೆ ಗಂಟುಮೂಟೆ ಇಟ್ಕಂಡಿದ್ಲಂತಲ್ಲ. ಅವ್ಳಿಗೇನ್ ಗೊತ್ತು ಇದ್ರ ಬೆಲೆ."

ನಾನು ಬಾವಿಯ ಕಟ್ಟೆಯ ಹತ್ತಿರ ನಿಂತಿದ್ದೆ. "ಗಂಟುಮೂಟೆ ಅಲ್ಲ ಬುದ್ಧಿ," ಎಂದೆ. "ಆಕೆ ಸೂಲಗಿತ್ತಿ. ಇದರ ಮೇಲೆ ಹೆರಿಗೆ ಮಾಡುಸ್ತಿದ್ಲು. ನಿಮ್ಮ ಕಂಟ್ರಾಕ್ಟರ ಹೆಂಡ್ತಿ ಹೆತ್ತಿದ್ದೂ ಇದರ ಮೇಲೇ. ಆಮೇಲೆ ಕೂಲಿಯೋರು, ಹಾಡಿಯೋರು, ಎಲ್ರೂ."

ಅವನು ಕೆಂಡದ ಮೇಲೆ ಕೂತವನ ಹಾಗೆ ಎದ್ದ. ಪಂಚೆಯ ಹಿಂಭಾಗ ತಿರುಗಿಸಿ ನೋಡಿಕೊಂಡ. ಕೆನ್ನೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. "ಥೂ! ಥೂ! ನೀರು, ನೀರು ಕೊಡ್ರೋ!" ಎಂದು ಕೂಗಿ, ಯಾರಾದರೂ ಕೊಡುವವರೆಗೆ ಕಾಯದೆ ನಾನು ಸೇದಿಟ್ಟ ಕೊಡವನ್ನೇ ಎತ್ತಿ ಬಟ್ಟೆಯ ಸಮೇತ ತಲೆಯ ಮೇಲೆ ಸುರಿದುಕೊಂಡ. ಇನ್ನೊಂದು ಕೊಡ, ಮತ್ತೊಂದು ಕೊಡ. ನಮ್ಮ ಯಜಮಾನರೇ ಸೇದಿ ಸೇದಿ ಕೊಟ್ಟರು. ಒದ್ದೆಯಾಗಿ ಹೊಟ್ಟೆಗೆ ಅಂಟಿದ ಜುಬ್ಬ, ಕೆನ್ನೆಯ ಮೇಲೆ ಇಳಿಯುವ ಎಲೆಅಡಿಕೆಯ ಕೆಂಪು ಜೊಲ್ಲು.

"ಕಾರೊಳೀಕೆ ಇಟ್ಟಿದ್ರೇನೋ ಇದ್ನ?"

"ಇಲ್ಲ ಬುದ್ಧಿ, ಇಲ್ಲ."

"ಸುಟ್ಟಾಕು ಈಗ್ಲೇ. ಎಂಥೆಂಥೋರ ಮೈಲಿಗೆಯೋ ಏನೋ. ಹೇಸಿಗೆ ಮುಂಡೇವು!"

ಅವನ ಅಪ್ಪನನ್ನು ನೆನೆದು ನನಗೆ ಮೂಡಿದ್ದ ಕನಿಕರ ಆ ನೀರಿನ ಜೊತೆಗೇ ಹರಿದುಹೋಯಿತು. ನೀನೆಲ್ಲಿಂದ ಬಂದೆಯೋ ಎಂದು ಕೇಳುವ ಮಾತು ಬಾಯಿಯವರೆಗೆ ಬಂತು. ಕೇಳಲಿಲ್ಲ. ಅವನು ಹೊರಟುಹೋಗುವವರೆಗೆ ಮನೆಯ ಒಳಗಿದ್ದೆ.

ಯಜಮಾನರು ಸೀಮೆಎಣ್ಣೆ ಡಬ್ಬಿ ಹುಡುಕುತ್ತಿದ್ದರು. ನಾನು ಹೊರಗೆ ಬಂದು ಸೀಟಿನ ಮೇಲೆ ಕೂತೆ. "ಇದನ್ನ ಸರಗೂರಿಗೆ ತಗೊಂಡ್ ಹೋಗ್ಬೇಕು. ನಾಳೆ. ನೀವೇ ಹೊರ್ಬೇಕು," ಎಂದೆ. ಮದುವೆಯಾದ ಮೇಲೆ ಅವರಿಗೆ ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ಅವರು ಡಬ್ಬಿ ಕೆಳಗಿಟ್ಟರು.

ಬಸ್ಸಿನ ಟಾಪಿಗೆ ಕಟ್ಟಿ ಹ್ಯಾಂಡ್‌ಪೋಸ್ಟ್‌ವರೆಗೆ, ಅಲ್ಲಿ ಇಳಿಸಿ ಇನ್ನೊಂದು ಬಸ್ಸಿನ ಟಾಪಿಗೆ ಕಟ್ಟಿ ಸರಗೂರಿಗೆ. ಬಸ್ಸಿನಿಂದ ಮುದುಕಿಯ ಮನೆಯವರೆಗೆ ಯಜಮಾನರು ತಲೆಯ ಮೇಲೆ ಹೊತ್ತು ಬಂದರು. ಮುದುಕಿ ಬಾಗಿಲಲ್ಲಿ ನಿಂತು ನೋಡಿದಳು. ನನ್ನನ್ನು ಬಾ ಎನ್ನಲಿಲ್ಲ. ಸೀಟಿನ ಸುತ್ತ ಕೈಯಾಡಿಸುತ್ತ ಬಂದು ಬಿಚ್ಚಿದ ಹೊಲಿಗೆಯ ಹತ್ತಿರ ನಿಲ್ಲಿಸಿದಳು.

"ಯಾರು ಕೊಯ್ದೋರು?"

"ನಾನೇ ಅಜ್ಜಿ."

"ವೊಲಿ," ಎಂದಳು. ಯಜಮಾನರ ಕಡೆ ತಿರುಗಿ, "ನೀನು ಆಚೀಕಿರು," ಎಂದಳು.

ನಾನು ಸೂಜಿ, ಮೇಣ ಹಚ್ಚಿದ ದಾರ ತಂದಿದ್ದೆ. ನೆಲದ ಮೇಲೆ ಕೂತು ಹೊಲಿದೆ. ಅವಳು ಗೋಡೆಗೆ ಒರಗಿ ನನ್ನ ಕೈಯನ್ನೇ ನೋಡುತ್ತಿದ್ದಳು. ಅರ್ಧ ಹೊಲಿದಾಗ ಮಾತಾಡಿದಳು. "ಒಂದು ಹೆಣ್ಣಿಗೆ ಎರಡು ದಿನ ನೋವು. ಅಲ್ಲೇ ಇದ್ದು ಹೆರಿಗೆ ಮಾಡ್ಸಿ ಬಂದು ನೋಡಿದ್ರೆ ಮಂಚ ಅದೆ. ಹಗ್ಗದ ಮಂಚದ ಮ್ಯಾಲೆ ಹೆರಕ್ಕಾಯ್ತದಾ? ನೀನೇ ಏಳು."

"ಆಗಲ್ಲ ಅಜ್ಜಿ. ನನ್ ತಪ್ಪು. ಬೀಗ ಇಲ್ಲ ಅಂತ ಮನೇಲಿ ಏಳ್ಬುಟ್ಟೆ."

ಅವಳು ಹೊಲಿಗೆ ಮುಗಿದ ಮೇಲೆ ಎಳೆದು ನೋಡಿದಳು. "ಗಟ್ಟಿಯಾಗದೆ," ಎಂದಳು. "ಆ ಮಂಚ ಎತ್ಕಂಡೋಗಿ. ನನ್ನ ಕಣ್ಮುಂದೆ ಬ್ಯಾಡ." ಕಾಫಿ ಕೊಡಲಿಲ್ಲ. ನಾನೂ ನಿರೀಕ್ಷಿಸಿರಲಿಲ್ಲ. ಹೊರಡುವಾಗ ಮಾತ್ರ, ನನ್ನ ಮುಖ ನೋಡದೆ, "ಬಸ್ಸಿನಲ್ಲಿ ಮುಂದ್ಗಡೆ ಕೂತ್ಕೋ. ಇಂದೆ ಕೂತ್ರೆ ಕುಲುಕಾಟ," ಎಂದಳು.

ಯಜಮಾನರು ಮಂಚ ಹೊತ್ತು ಬಂದರು. ಹ್ಯಾಂಡ್‌ಪೋಸ್ಟಿನಲ್ಲಿ ಹುಣಸೂರಿನ ಬಸ್ಸಿನವನು ಅದನ್ನು ಹಾಕಿಕೊಳ್ಳಲು ಒಪ್ಪಲಿಲ್ಲ. ಕ್ಷೌರಿಕನ ಅಂಗಡಿಯ ಮುಂದೆ ಬಿಟ್ಟುಬಂದೆವು. ಬಸ್ಸು ಹೊರಟ ಮೇಲೆ ಅವರು ಮೆಲ್ಲಗೆ ಕೇಳಿದರು: "ನಾನ್ ಏಳ್ದೆ ಇದ್ರೂ ಅವರು ಎಂಗೋ ಪತ್ತೆ ಮಾಡ್ತಿರ್ಲಿಲ್ವಾ?"

ನಾನು ಎದ್ದು ಮುಂದಿನ ಸಾಲಿಗೆ ಹೋಗಿ ಕೂತೆ.

ಕಾರಿನ ಒಳಗಿನ ಕೆಲಸಕ್ಕೆ ನಾನು ಮತ್ತೆ ಕೈ ಹಚ್ಚಲಿಲ್ಲ. ಸಾಹುಕಾರ ಮೈಸೂರಿನಿಂದ ಯಾರನ್ನೋ ಕರೆಸಿ ಹಿಂದಕ್ಕೆ ಹೊಸ ಸೀಟು ಕಟ್ಟಿಸಿದ. ಮಾಡಿದವನ ಕೈ ಒಳ್ಳೆಯದಿತ್ತು, ಗುಂಡಿಗಳು ಸಾಲಾಗಿ ಕೂತಿದ್ದವು, ಅಷ್ಟನ್ನು ಒಪ್ಪಿಕೊಳ್ಳುತ್ತೇನೆ. ಯಜಮಾನರು ಇಂಜಿನ್ನು ಓಡಿಸಿಯೇ ಬಿಟ್ಟರು. ಷೆಡ್ಡಿನಿಂದ ಕಾರು ಹೊರಟ ದಿನ ಅದರ ಒಳಗೆ ಎಷ್ಟು ಅತ್ತರು ಸುರಿದಿದ್ದರೆಂದರೆ ರಸ್ತೆಯಲ್ಲಿ ನಿಂತವರಿಗೂ ಹೊಡೆಯುತ್ತಿತ್ತು. ನಾನು ಬಾಗಿಲು ಹಾಕಿಕೊಂಡು ಒಳಗಿದ್ದೆ.

ಹೆರಿಗೆಗೆ ತವರಿಗೆ ಹೋದೆ. ಹೆಣ್ಣುಮಗು. ಐದು ತಿಂಗಳಾದ ಮೇಲೆ ಯಜಮಾನರು ಕರೆದುಕೊಂಡು ಹೋಗಲು ಬಂದರು. ಅಂಗಳದಲ್ಲಿ ನನ್ನ ತಂದೆ, ಇನ್ನಿಬ್ಬರು ಜಟಕಾದವರು ಕೂತಿದ್ದರು. ಆ ಕಾರಿನ ಸುದ್ದಿ ಅಲ್ಲಿಗೂ ಮುಟ್ಟಿತ್ತು. "ಪಿರಿಯಾಪಟ್ಟಣದೋರ ಕಾರು ನೀವು ಮಾಡಿದ್ದಂತೆ, ಒಳಗಡೆ ಅರಮನೆ ಇದ್ದಂಗದಂತೆ?" ಎಂದು ಒಬ್ಬ ಕೇಳಿದ. ಯಜಮಾನರು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಸಾಮಾನು ಹುಡುಕಿದ ಕಥೆ ಹೇಳತೊಡಗಿದರು. ಮೈಸೂರಿನ ಗುಜರಿ, ಹ್ಯಾಂಡ್‌ಪೋಸ್ಟಿನ ಕನ್ನಡಿ, ಹದ ಮಾಡುವವರ ಗುಂಡಿ. ಎಲ್ಲರೂ ಕಿವಿಗೊಟ್ಟು ಕೇಳಿದರು. ಸರಗೂರಿನ ಹೆಸರು ಬರಲೇ ಇಲ್ಲ.

ನಾನು ಹೋಗಿ ಮಗುವನ್ನು ಅವರ ತೊಡೆಯಿಂದ ಎತ್ತಿಕೊಂಡೆ. ಹಸಿದಿದೆ ಎಂದೆ. ಮಗು ಹಸಿದಿರಲಿಲ್ಲ.